ಬಾಸ್ಟನ್ನಿನ 104.1

ಅಮೆರಿಕದ ಬಾಸ್ಟನ್ ಕಾಲೇಜುಗಳ ಊರು. ಚಾರ್ಲ್ಸ್ ನದಿಯ ಆಚೆ ದಡದ ಕೇಂಬ್ರಿಜ್‌ನಲ್ಲಿ ಹಾರ್ವರ್ಡ್, ಎಂಐಟಿ. ಈಚೆ ದಡದಲ್ಲಿ ಇನ್ನಷ್ಟು ಕಾಲೇಜುಗಳು. 1958ರಲ್ಲಿ ಇಲ್ಲಿ 104.1 ಮೆಗಾಹರ್ಟ್ಸ್‌ನಲ್ಲಿ ಡಬ್ಲ್ಯೂಬಿಸಿಎನ್ ಎಂಬ ಎಫ್‌ಎಂ ಕೇಂದ್ರ ಶುರುವಾದಾಗ ಅದಕ್ಕೂ ಆ ಕಾಲೇಜುಗಳ ಹುಡುಗ ಹುಡುಗಿಯರಿಗೂ ಹೆಚ್ಚಿನ ನಂಟಿರಲಿಲ್ಲ. ಮಿಚೆಲ್ ಹೇಸ್ಟಿಂಗ್ಸ್ ಅದನ್ನು ಕಟ್ಟಿದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆಂದು. ಕೇಳುವವರು ಕಡಿಮೆ, ಜಾಹೀರಾತು ಇನ್ನೂ ಕಡಿಮೆ.

ಆ ಕಾಲಕ್ಕೆ ಜನ ಕೇಳುತ್ತಿದ್ದದ್ದು ಎಎಂ. ಅಲ್ಲಿ ಮೂರು ನಿಮಿಷದ ಹಿಟ್ ಹಾಡುಗಳು, ಅವುಗಳ ನಡುವೆ ನಿರೂಪಕರ ಕೂಗಾಟ. ದೊಡ್ಡ ನಗರಗಳಲ್ಲಿ ಎಎಂ ಕಾರ್ಯಕ್ರಮವನ್ನೇ ದಿನವಿಡೀ ಎಫ್‌ಎಂನಲ್ಲೂ ಬಿತ್ತರಿಸುವಂತಿಲ್ಲ ಎಂದು 60ರ ದಶಕದಲ್ಲಿ ಸರ್ಕಾರ ನಿಯಮ ಮಾಡಿತು. ಎಫ್‌ಎಂಗೆ ಹೊಸ ಸರಕು ಬೇಕಾಯಿತು. ಬರ್ಕ್ಲಿ ಬೀದಿಯ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ‘ಬಾಸ್ಟನ್ ಟೀ ಪಾರ್ಟಿ’ ಎಂಬ ರಾಕ್ ಸಂಗೀತದ ಹಾಲ್ ನಡೆಸುತ್ತಿದ್ದ ವಕೀಲ ರೇ ರೀಪನ್ ಹೇಸ್ಟಿಂಗ್ಸ್ ಹತ್ತಿರ ಹೋಗಿ ರಾತ್ರಿಯ ಹೊತ್ತನ್ನು ಕೇಳಿ ಪಡೆದರು. 1968ರ ಮಾರ್ಚ್ 15ರ ರಾತ್ರಿ ‘ಕ್ರೀಮ್’ ತಂಡದ ಹಾಡಿನಿಂದ ಆರಂಭ. ಕೆಲವೇ ತಿಂಗಳಲ್ಲಿ ಹಗಲೂ ರಾಕ್‌ನದೇ ಆಯಿತು. ಸ್ವಲ್ಪ ಕಾಲ ಆ ಹಾಲ್‌ನ ಹಿಂದಿನ ಪುಟ್ಟ ಕೋಣೆಯೇ ಸ್ಟುಡಿಯೊ.

ಯಾವ ಹಾಡು ಹಾಕಬೇಕೆಂದು ನಿರೂಪಕರಿಗೆ ಯಾರೂ ಪಟ್ಟಿ ಕೊಡುತ್ತಿರಲಿಲ್ಲ. ಬ್ಲೂಸ್ ಮುಗಿದ ಮೇಲೆ ಜಾಜ್, ಅದರ ಹಿಂದೆಯೇ ಒಂದು ಎಲ್‌ಪಿಯ ಇಡೀ ಬದಿ. ಆದರೆ ಊರು ಈ ಕೇಂದ್ರವನ್ನು ತನ್ನದೆಂದುಕೊಂಡಿದ್ದು ಹಾಡಿನಿಂದಷ್ಟೇ ಅಲ್ಲ, ‘ಲಿಸನರ್ ಲೈನ್’ ಎಂಬ ಫೋನಿನಿಂದ. ಅದನ್ನು ಎತ್ತುತ್ತಿದ್ದವರು ಸಂಬಳವಿಲ್ಲದ ಸ್ವಯಂಸೇವಕರು, ಕೆಲವರು ಶಾಲೆಯ ಮಕ್ಕಳು. ನಾಯಿ ಕಳೆದುಹೋಗಿದೆ, ಬೇರೆ ಊರಿಗೆ ಹೋಗುವ ಕಾರಿನಲ್ಲಿ ಒಂದು ಸೀಟು ಬೇಕು, ಮಾದಕ ವಸ್ತು ಸೇವಿಸಿದ ಗೆಳೆಯನಿಗೆ ಏನೋ ಆಗುತ್ತಿದೆ: ಎಲ್ಲದಕ್ಕೂ ಅದೇ ನಂಬರು. ವಿಯೆಟ್ನಾಂ ಯುದ್ಧದ ವಿರುದ್ಧ 1970ರಲ್ಲಿ ಕಾಲೇಜುಗಳು ಮುಷ್ಕರ ಹೂಡಿದಾಗ ಎಲ್ಲೆಲ್ಲಿ ಏನು ನಡೆದಿದೆ ಎಂದು ವಿದ್ಯಾರ್ಥಿಗಳು ತಿಳಿದುಕೊಂಡದ್ದೂ ಇದೇ ಕೇಂದ್ರದಿಂದ. ಡ್ಯಾನಿ ಶೆಕ್ಟರ್ ಓದುತ್ತಿದ್ದ ವಾರ್ತೆಗಾಗಿಯೇ ರೇಡಿಯೊ ಹಚ್ಚುವವರಿದ್ದರು.

ಮ್ಯಾಕ್ಸಾನ್ ಸಾರ್ಟೋರಿ ಎಂಬ ನಿರೂಪಕಿಯನ್ನು ಇಲ್ಲಿ ನೆನೆಯಲೇಬೇಕು. 1977ರಲ್ಲಿ ‘ದಿ ಕಾರ್ಸ್’ ಎಂಬ ಸ್ಥಳೀಯ ತಂಡಕ್ಕೆ ಇನ್ನೂ ರೆಕಾರ್ಡ್ ಕಂಪನಿಯೇ ಸಿಕ್ಕಿರಲಿಲ್ಲ. ಅವರ ಮಾದರಿ ಟೇಪನ್ನು ಆಕೆ ಮತ್ತೆ ಮತ್ತೆ ಹಾಕಿದರು. ಜನ ಫೋನ್ ಮಾಡಿ ಅದನ್ನೇ ಕೇಳತೊಡಗಿದರು. ಒಪ್ಪಂದ ಹುಡುಕಿಕೊಂಡು ಬಂತು. ಊರಿನ ಕೇಂದ್ರ ಊರಿನ ಹಾಡುಗಾರರಿಗೆ ಮಾಡಬೇಕಾದ ಕೆಲಸ ಇದೇ ಎಂದು ನಾನು ನಂಬಿದ್ದೇನೆ.

1979ರ ಫೆಬ್ರುವರಿಯಲ್ಲಿ ಕೇಂದ್ರ ಕೈ ಬದಲಾಯಿತು. ಹೊಸ ಮಾಲೀಕರು ಬಂದ ಕೂಡಲೇ 19 ಜನರನ್ನು ಕೆಲಸದಿಂದ ತೆಗೆದರು. ಉಳಿದವರೂ ಹೊರಗೆ ಬಂದು ಮುಷ್ಕರ ಹೂಡಿದರು. ಕೇಳುಗರು ಬೆನ್ನಿಗೆ ನಿಂತರು, ಜಾಹೀರಾತುದಾರರು ಹಿಂದೆ ಸರಿದರು, ಸಂಗೀತಗಾರರು ಸಹಾಯಾರ್ಥ ಹಾಡಿದರು. ಸುಮಾರು ಮೂರು ವಾರಕ್ಕೆ ಮಾಲೀಕರು ಮಣಿದು, ತೆಗೆದವರನ್ನೆಲ್ಲ ವಾಪಸ್ ಕರೆದರು. ರೇಡಿಯೊ ಚರಿತ್ರೆಯಲ್ಲಿ ಇಂಥ ಗೆಲುವು ಅಪರೂಪ.

ಮುಂದಿನದು ಬೇಗ ಹೇಳಿ ಮುಗಿಸುವಂಥದ್ದು. ಒಡೆತನ ದೊಡ್ಡದಾದಂತೆ ಹಾಡಿನ ಆಯ್ಕೆ ನಿರೂಪಕರ ಕೈ ತಪ್ಪಿತು. ವರ್ಷಗಟ್ಟಲೆ ಊರನ್ನು ಎಬ್ಬಿಸುತ್ತಿದ್ದ ಚಾರ್ಲ್ಸ್ ಲಾಕ್ವಿಡಾರಾ ಅವರ ಬೆಳಗಿನ ಹೊತ್ತಿಗೆ 1996ರಲ್ಲಿ ನ್ಯೂಯಾರ್ಕಿನಿಂದ ಬರುವ ಹೊವಾರ್ಡ್ ಸ್ಟರ್ನ್ ಕಾರ್ಯಕ್ರಮವನ್ನು ತಂದರು. ನನ್ನ ಮಟ್ಟಿಗೆ ಕೇಂದ್ರ ಊರನ್ನು ಬಿಟ್ಟದ್ದು ಅವತ್ತೇ. 104.1ರಲ್ಲಿ ಅದು ನಿಂತದ್ದು 2009ರ ಆಗಸ್ಟ್‌ನಲ್ಲಿ.

ಹದಿಹರೆಯದಲ್ಲಿ ಲಿಸನರ್ ಲೈನ್ ಎತ್ತುತ್ತಿದ್ದ ಬಿಲ್ ಲಿಕ್ಟನ್‌ಸ್ಟೈನ್ 2019ರಲ್ಲಿ ಈ ಕೇಂದ್ರದ ಬಗ್ಗೆ ಸಾಕ್ಷ್ಯಚಿತ್ರ ಮುಗಿಸಿದರು. ಅದಕ್ಕೆ ಬೇಕಾದ ಟೇಪು, ಫೋಟೋಗಳಲ್ಲಿ ಎಷ್ಟೋ ಬಂದದ್ದು ಊರ ಜನ ಮನೆಗಳಲ್ಲಿ ಜೋಪಾನ ಮಾಡಿಟ್ಟಿದ್ದರಿಂದ.