ಪೂರೈಕೆದಾರ-ನಿರ್ವಹಿತ ದಾಸ್ತಾನು: ರಾಯಚೂರು ಸೀಮೆಯ ಸರ್ಕಾರಿ ಉದ್ದಿಮೆಗಳಲ್ಲಿ

ಕೊಳ್ಳುವ ಸಂಸ್ಥೆಯ ಉಗ್ರಾಣದಲ್ಲಿ ಎಷ್ಟು ಸರಕಿರಬೇಕು, ಯಾವಾಗ ತುಂಬಬೇಕು ಎಂಬುದನ್ನು ಪೂರೈಕೆದಾರನೇ ನೋಡಿಕೊಳ್ಳುವ ಏರ್ಪಾಡು. ಕೊಳ್ಳುವವರು ತಮ್ಮ ಬಳಕೆಯ ಲೆಕ್ಕವನ್ನು ಅವನಿಗೆ ತೋರಿಸುತ್ತಿರಬೇಕು. ಬಳಕೆಯಾಗುವವರೆಗೆ ಸರಕಿನ ಒಡೆತನವೂ ಅವನಲ್ಲೇ ಉಳಿದರೆ ಅದು ಕನ್ಸೈನ್‌ಮೆಂಟ್ ದಾಸ್ತಾನು. 1980ರ ದಶಕದಲ್ಲಿ ಅಮೆರಿಕದ ವಾಲ್‌ಮಾರ್ಟ್ ಮತ್ತು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಗಳ ನಡುವಿನ ಒಪ್ಪಂದದಿಂದ ಈ ಪದ್ಧತಿ ಹೆಸರಾಯಿತು.

ಹಟ್ಟಿ ಗಣಿ: ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಯಿತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಅದು ಹಟ್ಟಿ ಚಿನ್ನದ ಗಣಿ ಕಂಪನಿಯಾಗಿ ಮೈಸೂರು (ಈಗಿನ ಕರ್ನಾಟಕ) ಸರ್ಕಾರದ ಒಡೆತನದಲ್ಲಿ ಮುಂದುವರಿಯಿತು. ಅದಿರು ಒಡೆಯಲು ಸ್ಫೋಟಕ, ಅರೆಯಲು ಉಕ್ಕಿನ ಗುಂಡು, ಚಿನ್ನ ಕರಗಿಸಿ ಬೇರ್ಪಡಿಸಲು ಸೈನೈಡ್ ಬೇಕು. ಇವುಗಳಲ್ಲಿ ಒಂದು ಮುಗಿದರೂ ಕೆಲಸ ನಿಲ್ಲುತ್ತದೆ. ಹಾಗೆಂದು ಎಲ್ಲವನ್ನೂ ರಾಶಿ ಹಾಕಿಕೊಳ್ಳುವಂತಿಲ್ಲ: ಸ್ಫೋಟಕಗಳನ್ನು ಪರವಾನಗಿ ಪಡೆದ ಪ್ರತ್ಯೇಕ ಮ್ಯಾಗಜೀನಿನಲ್ಲಿ (ಸ್ಫೋಟಕ ಉಗ್ರಾಣದಲ್ಲಿ), ನಿಗದಿತ ಮಿತಿಯೊಳಗೆ ಮಾತ್ರ ಇಡಬಹುದು. ಎಷ್ಟು ಇರಬೇಕು, ಯಾವಾಗ ತುಂಬಬೇಕು ಎಂಬ ಪ್ರಶ್ನೆ ಇಲ್ಲಿ ಮುಖ್ಯವಾಗುವುದು ಹೀಗೆ.

ಬಸ್ಸು ಮತ್ತು ಡೀಸೆಲ್: ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1932ರಲ್ಲಿ, ಆ ಸಂಸ್ಥಾನದ ರೈಲ್ವೆಯ ಅಂಗವಾಗಿ ಸರ್ಕಾರಿ ಬಸ್ ಸೇವೆ ಆರಂಭವಾಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮಾರ್ಗಗಳು ಮುಂದೆ ರಾಜ್ಯ ರಸ್ತೆ ಸಾರಿಗೆ ನಿಗಮಕ್ಕೂ, 2000ದಲ್ಲಿ ಈಶಾನ್ಯ (ಈಗ ಕಲ್ಯಾಣ ಕರ್ನಾಟಕ) ನಿಗಮಕ್ಕೂ ಸೇರಿದವು. ತೈಲ ಕಂಪನಿಗಳಿಂದ ಸಗಟು ಡೀಸೆಲ್ ತರಿಸಿ ಡಿಪೊದಲ್ಲೇ ತುಂಬಿಸುವುದು ಸಾರಿಗೆ ನಿಗಮಗಳ ರೂಢಿ. 2022ರ ಮಾರ್ಚ್‌ನಲ್ಲಿ ಸಗಟು ದರ ಲೀಟರಿಗೆ ಸುಮಾರು 25 ರೂಪಾಯಿ ಏರಿದಾಗ ರಾಜ್ಯದ ನಿಗಮಗಳು ಚಿಲ್ಲರೆ ಬಂಕುಗಳ ಮೊರೆಹೋದವು. ಸಗಟು ಪೂರೈಕೆಯನ್ನೇ ನೆಚ್ಚಿಕೊಂಡ ಏರ್ಪಾಡು ದರ ಬದಲಾದೊಡನೆ ಸಡಿಲವಾಗುತ್ತದೆ ಎಂಬುದು ಆಗ ಕಂಡುಬಂತು.

ಯೂರಿಯಾ: ತುಂಗಭದ್ರಾ ಎಡದಂಡೆ ನಾಲೆಯಿಂದ ಸಿಂಧನೂರು ಭತ್ತದ ನಾಡಾಯಿತು. ನಾಟಿ ಮುಗಿದು ಮೇಲುಗೊಬ್ಬರ ಹಾಕುವ ಕೆಲವೇ ವಾರಗಳಲ್ಲಿ ಯೂರಿಯಾಕ್ಕೆ ಬೇಡಿಕೆ ಉಕ್ಕುತ್ತದೆ. ಮೊದಲು ಗೊಬ್ಬರ ಜಿಲ್ಲೆ ತಲುಪಿದೊಡನೆ ಸರ್ಕಾರದ ಸಬ್ಸಿಡಿಯ ಬಹುಪಾಲು ತಯಾರಿಕಾ ಕಂಪನಿಗೆ ಸಿಗುತ್ತಿತ್ತು. 2018ರ ಮಾರ್ಚ್ ವೇಳೆಗೆ ದೇಶದಾದ್ಯಂತ ಜಾರಿಯಾದ ನೇರ ವರ್ಗಾವಣೆ ಪದ್ಧತಿಯಲ್ಲಿ, ಅಂಗಡಿಯ ಪಿಒಎಸ್ (ಮಾರಾಟ ದಾಖಲಿಸುವ) ಯಂತ್ರದ ಮೂಲಕ ರೈತನಿಗೆ ಮಾರಾಟವಾದ ಮೇಲಷ್ಟೇ ಸಬ್ಸಿಡಿ. ಹೀಗಾಗಿ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಚೀಲದ ಹೊರೆ ತಯಾರಕರ ಮೇಲೂ ಬಿತ್ತು. ನ್ಯಾಷನಲ್ ಫರ್ಟಿಲೈಸರ್ಸ್, ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್‌ನಂಥ ಕೇಂದ್ರ ಸರ್ಕಾರಿ ಕಂಪನಿಗಳಿಗೂ ಇದೇ ನಿಯಮ. ಪೂರೈಕೆದಾರ-ನಿರ್ವಹಿತ ದಾಸ್ತಾನಿಗೆ ಈ ಸೀಮೆಯಲ್ಲಿ ಅತಿ ಹತ್ತಿರದ ಉದಾಹರಣೆ ಇದು.

ಕಾನೂನಿನ ಮಿತಿ: ಪೂರೈಕೆದಾರ-ನಿರ್ವಹಿತ ದಾಸ್ತಾನಿಗೆ ಪೂರೈಕೆದಾರನೊಂದಿಗೆ ದೀರ್ಘಕಾಲದ ಒಡನಾಟ ಬೇಕು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಾದರೋ ಟೆಂಡರ್ ಕರೆದು ಸ್ಪರ್ಧೆಯ ಮೂಲಕ ಕೊಳ್ಳಬೇಕೆನ್ನುತ್ತದೆ. ಹಾಗಾಗಿ ಸರ್ಕಾರಿ ಉದ್ದಿಮೆಗಳಿಗೆ ಒಗ್ಗುವ ನಡುದಾರಿಯೆಂದರೆ ದರ ಕರಾರು: ದರ ಮೊದಲೇ ನಿಗದಿ, ಸರಕು ಬೇಕಾದಾಗ ಇಂಡೆಂಟ್ (ಬೇಡಿಕೆ ಪತ್ರ).

ಪರಿಣಾಮ: ದಾಸ್ತಾನಿನ ಹೊಣೆಯನ್ನು ಪೂರೈಕೆದಾರನಿಗೆ ದಾಟಿಸಿದರೆ ಉಗ್ರಾಣದಲ್ಲಿ ಸಿಕ್ಕಿಬೀಳುವ ಬಂಡವಾಳ ತಗ್ಗುತ್ತದೆ. ಆದರೆ ಗಣಿ ನಿಂತ ಗಂಟೆಗಳು, ಓಡದ ಬಸ್ಸುಗಳು, ಸಕಾಲಕ್ಕೆ ಗೊಬ್ಬರ ಸಿಗದ ಗದ್ದೆಗಳು ಕಡಿಮೆಯಾಗದಿದ್ದರೆ ಅದು ವೆಚ್ಚದ ವರ್ಗಾವಣೆಯೇ ಹೊರತು ಕಾರ್ಯಕ್ಷಮತೆಯ ಸುಧಾರಣೆಯಲ್ಲ.