ಗುಪ್ತ ಅಂಕಿ ಮತ್ತು ಬೈಕುಲ್ಲಾದ ಹುಡುಗ: ಹಾಕಿ ಮ್ಯಾನೇಜರ್ ಆಟಗಳಲ್ಲಿ ಆಟಗಾರನ ಬೆಳವಣಿಗೆ

ಫಿನ್‌ಲೆಂಡಿನ ರಿಸ್ಟೊ ರೆಮೆಸ್ ರೂಪಿಸಿದ ‘ಈಸ್ಟ್‌ಸೈಡ್ ಹಾಕಿ ಮ್ಯಾನೇಜರ್’ ಎಂಬ ಕಂಪ್ಯೂಟರ್ ಆಟದಲ್ಲಿ ಆಡುವವನು ಸ್ಟಿಕ್ ಹಿಡಿಯುವುದಿಲ್ಲ. ತಂಡದ ಮ್ಯಾನೇಜರ್ ಆಗಿ ಹುಡುಗರನ್ನು ಆರಿಸುತ್ತಾನೆ, ಬೆಳೆಸುತ್ತಾನೆ, ಬೇಡವಾದರೆ ಬೇರೆ ತಂಡಕ್ಕೆ ದಾಟಿಸುತ್ತಾನೆ. ಅಲ್ಲಿಯದು ಐಸ್ ಹಾಕಿ. ಪ್ರತಿ ಆಟಗಾರನ ಬೆನ್ನಿಗೂ ಎರಡು ಗುಪ್ತ ಅಂಕಿಗಳಿರುತ್ತವೆ: ಸದ್ಯದ ಸಾಮರ್ಥ್ಯ ಒಂದು, ಮುಂದೆ ಮುಟ್ಟಬಹುದಾದ ಸಾಮರ್ಥ್ಯ ಇನ್ನೊಂದು. ಎರಡಕ್ಕೂ 200 ಗರಿಷ್ಠ ಮಿತಿ. ತರಬೇತಿ, ಪಂದ್ಯ, ವಯಸ್ಸು ಎಲ್ಲವೂ ಮೊದಲನೆಯದನ್ನು ಎರಡನೆಯದರ ಕಡೆಗೆ ತಳ್ಳುತ್ತವೆ, ದಾಟಿಸುವುದಿಲ್ಲ. ಈ ಎರಡನೆಯ ಅಂಕಿಯ ಮೇಲೆಯೇ ನನ್ನ ತಕರಾರು. ಆಟವು ಅದನ್ನು ಹುಡುಗನ ಒಳಗಿಟ್ಟಿದೆ. ಭಾರತದ ಹಾಕಿಯಲ್ಲಿ ಅದರ ದೊಡ್ಡ ಪಾಲು ಅವನ ಹೊರಗಿದೆ, ಟರ್ಫ್ ಎಂಬ ಕೃತಕ ಹಾಸಿನಲ್ಲಿ, ನೌಕರಿಯಲ್ಲಿ, ಅವನನ್ನು ಕೈಹಿಡಿದು ಕರೆದೊಯ್ಯುವ ತಂಡದಲ್ಲಿ.

ಆಟ ರೂಪಿಸಿದವರನ್ನು ಇದಕ್ಕಾಗಿ ದೂರುವಂತಿಲ್ಲ. ಅವರ ಮುಂದಿದ್ದದ್ದು ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್. ಅಲ್ಲಿ 1963ರಿಂದ ಡ್ರಾಫ್ಟ್ ಪದ್ಧತಿಯಿದೆ: ಹದಿನೆಂಟರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ, ಹಿಂದಿನ ವರ್ಷ ಸೋತು ಸುಣ್ಣವಾದವರಿಗೆ ಮುಂಚೂಣಿಯ ಸರದಿ. ಅಲ್ಲೂ ಅಂಕಿ ಕೈಕೊಟ್ಟದ್ದುಂಟು. ಡೆಟ್ರಾಯಿಟ್ ತಂಡ 1998ರಲ್ಲಿ ಪಾವೆಲ್ ದಾತ್ಸುಕ್‌ನನ್ನು ಆರಿಸಿದ್ದು 171ನೆಯವನಾಗಿ, ಮರುವರ್ಷ ಹೆನ್ರಿಕ್ ಜೆಟರ್‌ಬರ್ಗ್‌ನನ್ನು 210ನೆಯವನಾಗಿ. ಇಬ್ಬರೂ ತಮ್ಮ ಕಾಲದ ಶ್ರೇಷ್ಠರ ಸಾಲಿಗೆ ಸೇರಿದರು. 1980ರ ದಶಕದಲ್ಲಿ ಕೆನಡಾದ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ಇನ್ನೊಂದು ಸಂಗತಿ ತೋರಿಸಿದರು: ಮೇಲ್ಮಟ್ಟದ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಒಂದೇ ವಯೋಮಿತಿಯೊಳಗೆ ಕೆಲವು ತಿಂಗಳು ದೊಡ್ಡವನಾದವನು ಮೈಕಟ್ಟಿನಿಂದ ಆಯ್ಕೆಯಾಗುತ್ತಾನೆ. ಆಯ್ಕೆಯಾದದ್ದರಿಂದ ಒಳ್ಳೆಯ ತರಬೇತಿ ಸಿಗುತ್ತದೆ. ಕೊನೆಗೆ ಅದನ್ನೇ ಪ್ರತಿಭೆ ಎನ್ನುತ್ತೇವೆ.

ಇದೇ ಮಾದರಿಯನ್ನು ಮುಂಬಯಿಯ ಬೈಕುಲ್ಲಾಕ್ಕೆ ತಂದು ನೋಡೋಣ. ಇಲ್ಲಿ ಹದಿನಾರರ ಹಾಕಿ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಮುಂಬಯಿಯ ಹಾಕಿಗೆ ಮುಖ್ಯ ಟರ್ಫ್ ಇರುವುದು ಚರ್ಚ್‌ಗೇಟ್ ಬಳಿಯ ಮಹೀಂದ್ರ ಸ್ಟೇಡಿಯಮ್ಮಿನಲ್ಲಿ. ಬೈಕುಲ್ಲಾ ಮಧ್ಯ ರೈಲ್ವೆಯ ನಿಲ್ದಾಣ, ಚರ್ಚ್‌ಗೇಟ್ ಪಶ್ಚಿಮ ರೈಲ್ವೆಯದು. ಹುಡುಗ ಸ್ಟಿಕ್ಕು, ಕಿಟ್ಟು ಹೊತ್ತು ಸ್ಲೋ ಲೋಕಲ್ ಹತ್ತಿ, ಸ್ಯಾಂಡ್‌ಹರ್ಸ್ಟ್ ರೋಡ್, ಮಸ್ಜಿದ್ ದಾಟಿ ಸಿಎಸ್‌ಎಂಟಿಯಲ್ಲಿ ಇಳಿದು, ಅಲ್ಲಿಂದ ಬಸ್ಸಿಗೋ ನಡಿಗೆಗೋ ತೊಡಗಬೇಕು. ನಕಾಶೆಯಲ್ಲಿ ದೂರ ಏನೇನೂ ಅಲ್ಲ. ಆದರೆ ಬೆಳಗಿನ ಶಾಲೆ, ಸಂಜೆಯ ಗರ್ದಿ, ಮೈದಾನದಲ್ಲಿ ಸಿಗುವ ಸರದಿ ಎಲ್ಲ ಕಳೆದರೆ ಟರ್ಫ್ ಮೇಲೆ ಉಳಿಯುವ ಹೊತ್ತು ಎಷ್ಟು? ಮ್ಯಾನೇಜರ್ ಆಟದಲ್ಲಿ ‘ತರಬೇತಿಯ ತೀವ್ರತೆ’ ಎಂಬ ಒಂದು ಗುಂಡಿ ಇರುತ್ತದೆ. ಈ ಪ್ರಯಾಣಕ್ಕೆ ಯಾವ ಗುಂಡಿಯೂ ಇಲ್ಲ. ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸು ಮೊದಲು ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯದಾಯಿತು. ಒಂದೇ ವರ್ಷದಲ್ಲಿ ಒಂದು ದೇಶದ ‘ಗರಿಷ್ಠ ಸಾಮರ್ಥ್ಯ’ ಕುಸಿಯಿತೆಂದು ಯಾರೂ ಹೇಳಲಾರರು. ಕಾಲ ಕೆಳಗಿನ ನೆಲ ಬದಲಾಗಿತ್ತು.

ಎರಡನೆಯದು ನೌಕರಿ. ಭಾರತದಲ್ಲಿ ಡ್ರಾಫ್ಟ್ ಇರಲಿಲ್ಲ ಎಂಬ ಮಾತು ಅರ್ಧ ಸತ್ಯ. ರೈಲ್ವೆ, ತೈಲ ಕಂಪನಿ, ಬ್ಯಾಂಕು, ಪೊಲೀಸ್ ಇಲಾಖೆಗಳು ಆಟಗಾರರನ್ನು ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿಸಿಕೊಂಡದ್ದೇ ನಮ್ಮ ಡ್ರಾಫ್ಟ್. ಕೊಡಗಿನ ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದರು, 1988ರಲ್ಲಿ ಸೋಲ್‌ನಲ್ಲಿ ನಾಯಕರಾದರು. ಅವರಿಗೆ ಮುಂಬಯಿಯಲ್ಲಿ ನೆಲೆ ಕೊಟ್ಟದ್ದು ಭಾರತ್ ಪೆಟ್ರೋಲಿಯಂ. ಪುಣೆಯ ಖಡ್ಕಿಯಲ್ಲಿ ಮುರಿದ ಸ್ಟಿಕ್ಕುಗಳಲ್ಲಿ ಆಡಿ ಬೆಳೆದ ಧನರಾಜ್ ಪಿಳ್ಳೈ ಈ ನಗರಕ್ಕೆ ಬಂದದ್ದು ಆರ್‌ಸಿಎಫ್ ತಂಡಕ್ಕೆ ಆಡುತ್ತಿದ್ದ ಅಣ್ಣ ರಮೇಶನ ಬೆನ್ನುಹಿಡಿದು. ಆಮೇಲೆ ಮಹೀಂದ್ರ ತಂಡ, ಜೋಕಿಮ್ ಕಾರ್ವಾಲೊ ಅವರ ಮಾರ್ಗದರ್ಶನ, 1989ರಲ್ಲಿ ಭಾರತ ತಂಡ, ಮುಂದೆ ನಾಲ್ಕು ಒಲಿಂಪಿಕ್ಸ್. ಅಣ್ಣ ಮುಂಬಯಿಯಲ್ಲಿ ಇಲ್ಲದಿದ್ದರೆ ಯಾವ ಸ್ಕೌಟ್ ಖಡ್ಕಿಗೆ ಹೋಗುತ್ತಿದ್ದ? ನೈಜತೆಯ ಹಂಬಲವಿರುವ ಆಟಕ್ಕೆ ‘ಸಂಬಂಧಿಕರು’ ಎಂಬ ಅಂಕಣವೇ ಬೇಕು.

ಬೈಕುಲ್ಲಾ ಈ ವಾದಕ್ಕೆ ಇನ್ನೊಂದು ಪುರಾವೆ ಕೊಡುತ್ತದೆ. ಮಧ್ಯ ರೈಲ್ವೆಯ ದೊಡ್ಡ ಆಸ್ಪತ್ರೆ ಇರುವುದು ಇಲ್ಲೇ, ಡಾ. ಬಾಬಾಸಾಹೇಬ ಅಂಬೇಡ್ಕರ್ ಸ್ಮಾರಕ ಆಸ್ಪತ್ರೆ. ಮಂಡಿಗೆ ಪೆಟ್ಟಾದ ರೈಲ್ವೆ ನೌಕರ ಆಟಗಾರನಿಗೆ ಅದರ ಬಾಗಿಲು ಹಕ್ಕಿನಿಂದ ತೆರೆಯುತ್ತದೆ. ಅದೇ ಬೀದಿಯಲ್ಲಿರುವ, ನೌಕರಿ ಇಲ್ಲದ ಕ್ಲಬ್ ಆಟಗಾರನಿಗೆ ತೆರೆಯುವುದಿಲ್ಲ. ಕಂಪ್ಯೂಟರ್ ಆಟ ಗಾಯಕ್ಕೆ ಇಷ್ಟು ವಾರ ಎಂದು ಲೆಕ್ಕ ಕಟ್ಟಿ ಕೈತೊಳೆದುಕೊಳ್ಳುತ್ತದೆ. ಒಂದೇ ಗಾಯ, ಎರಡು ಭವಿಷ್ಯ ಎಂಬುದು ಅದಕ್ಕೆ ಗೊತ್ತಿಲ್ಲ.

ಕೊಡಗಿನ ಕುಟುಂಬ ಹಾಕಿಯನ್ನು ಮ್ಯಾನೇಜರ್ ಆಟದೊಳಗೆ ತರುವುದು ಇನ್ನೂ ಕಷ್ಟ. ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡದಲ್ಲಿ ಶುರುಮಾಡಿದ ಈ ಪಂದ್ಯಾವಳಿಯಲ್ಲಿ 2024ರ ಹೊತ್ತಿಗೆ 360 ಕುಟುಂಬಗಳು ಕಣಕ್ಕಿಳಿದವು. ತಂಡಕ್ಕೆ ಅರ್ಹತೆ ಮನೆತನದ ಹೆಸರು. ಒಲಿಂಪಿಕ್ಸ್ ಆಡಿದವನ ಪಕ್ಕದಲ್ಲಿ ಶಾಲೆಯ ಹುಡುಗನೂ ಮನೆಯ ಹೆಣ್ಣುಮಗಳೂ ಆಡುತ್ತಾರೆ. ಲೀಗಿನ ಮಟ್ಟಕ್ಕೆ ತಕ್ಕಂತೆ ಬೆಳವಣಿಗೆಯ ಅಂಕ ಹಂಚುವ ಆಟ ಇದಕ್ಕೆ ಸೊನ್ನೆ ಕೊಡುತ್ತದೆ. ಕೊಡಗು ಕೊಟ್ಟ ಆಟಗಾರರ ಪಟ್ಟಿ ನೋಡಿದರೆ ಆ ಸೊನ್ನೆಯನ್ನು ಒಪ್ಪಲಾಗದು.

ಹಣ ಕೊಟ್ಟು ಆಟಗಾರರನ್ನು ಆರಿಸುವ ಪದ್ಧತಿ ನಮಗೆ ಬಂದದ್ದು ಹರಾಜಿನ ರೂಪದಲ್ಲಿ. 2013ರ ಮೊದಲ ಹಾಕಿ ಇಂಡಿಯಾ ಲೀಗ್‌ನಲ್ಲಿ ರಿಕ್ ಚಾರ್ಲ್ಸ್‌ವರ್ಥ್ ಅವರಂಥ ಕೋಚ್ ಇದ್ದೂ ಮುಂಬಯಿ ಮ್ಯಾಜಿಷಿಯನ್ಸ್ ಐದರಲ್ಲಿ ಕೊನೆಯದಾಯಿತು. ಡ್ರಾಫ್ಟ್ ಇದ್ದಿದ್ದರೆ ಕೊನೆಯವರಿಗೆ ಒಳ್ಳೆಯ ಎಳೆಯ ಆಟಗಾರ ಸಿಗುತ್ತಿದ್ದ. ಇಲ್ಲಿ ಎರಡನೆಯ ಋತುವಿನ ಬಳಿಕ ತಂಡವೇ ಹೋಗಿ ದಬಂಗ್ ಮುಂಬಯಿ ಬಂತು. ಆ ಹೊಸ ತಂಡ 2015ರಲ್ಲಿ 51,000 ಡಾಲರಿಗೆ ಕೊಂಡ ಹುಡುಗ ಹರ್ಮನ್‌ಪ್ರೀತ್ ಸಿಂಗ್. ಆಗ ಅವನಿಗೆ ಹತ್ತೊಂಬತ್ತರ ಆಸುಪಾಸು. ಜಲಂಧರದ ಸುರ್ಜಿತ್ ಅಕಾಡೆಮಿಯಲ್ಲಿ ಪಳಗಿದ ಡ್ರ್ಯಾಗ್ ಫ್ಲಿಕ್ ಪಟು. 2024ರ ಹರಾಜಿನಲ್ಲಿ ಸೂರ್ಮಾ ಕ್ಲಬ್ ಅವನಿಗೆ ಕೊಟ್ಟದ್ದು 78 ಲಕ್ಷ ರೂಪಾಯಿ, ಅಲ್ಲಿಯ ಅತಿ ಹೆಚ್ಚಿನ ಬೆಲೆ. ಇವನ ಮಟ್ಟಿಗೆ ಗುಪ್ತ ಅಂಕಿಯ ಸಿದ್ಧಾಂತ ಸರಿಯಾಗಿ ಕೂಡುತ್ತದೆ ಎಂದು ಒಪ್ಪಿಕೊಳ್ಳೋಣ. ಆದರೆ ಅವನ ಹಿಂದೆ ಒಂದು ಅಕಾಡೆಮಿ ಇತ್ತು, ಬಿಡದೆ ಮುಂದುವರಿದ ರಾಷ್ಟ್ರೀಯ ಶಿಬಿರವೂ ಇತ್ತು.

2017ರ ಫೈನಲ್‌ನಲ್ಲಿ ದಬಂಗ್ ಮುಂಬಯಿ ಕಳಿಂಗ ಲ್ಯಾನ್ಸರ್ಸ್‌ಗೆ ಸೋತ ಮೇಲೆ ಲೀಗ್ ನಿಂತೇಹೋಯಿತು. ಅದು ಮತ್ತೆ ಶುರುವಾದದ್ದು 2024ರ ಡಿಸೆಂಬರಿನಲ್ಲಿ. ಆಗ ಪುರುಷರ ಎಂಟು ತಂಡಗಳಲ್ಲಿ ಮುಂಬಯಿಯದೂ ಇರಲಿಲ್ಲ, ಬೆಂಗಳೂರಿನದೂ ಇರಲಿಲ್ಲ. ಹೊಸ ನಿಯಮದಂತೆ ಪ್ರತಿ ತಂಡವೂ ನಾಲ್ವರು ಕಿರಿಯರನ್ನು ಸೇರಿಸಿಕೊಳ್ಳಬೇಕಿತ್ತು, ಅದು ಒಳ್ಳೆಯದೇ. ಆದರೆ 2017ರಲ್ಲಿ ಹದಿನೇಳಾಗಿದ್ದ ಬೈಕುಲ್ಲಾದ ಹುಡುಗನಿಗೆ ಆಗ ಇಪ್ಪತ್ತನಾಲ್ಕು ತುಂಬಿತ್ತು, ಆ ನಾಲ್ಕು ಜಾಗಗಳಿಗೆ ಅವನು ಬರುತ್ತಿರಲಿಲ್ಲ. ಭಾರತಕ್ಕೆ ಹೊಂದುವ ಮ್ಯಾನೇಜರ್ ಆಟ ಬರೆಯುವವರು ಲೀಗ್ ಮುಚ್ಚುವ ವರ್ಷಗಳನ್ನೂ ಸಾಫ್ಟ್‌ವೇರಿನಲ್ಲಿ ಬರೆಯಬೇಕು. ಆ ವರ್ಷಗಳಲ್ಲಿ ಆಟಗಾರನ ಅಂಕಿ ಏರುತ್ತದೋ ಇಳಿಯುತ್ತದೋ ಎಂಬುದನ್ನು ಅವನಿಗೆ ರೈಲ್ವೆಯ ನೌಕರಿಯ ಪತ್ರ ಬಂದಿದೆಯೇ ಎಂದು ಕೇಳಿ ನಿರ್ಧರಿಸಬೇಕು.