ಅಪರೂಪಕ್ಕೆ ವಿಡಿಯೋ ಎಡಿಟಿಂಗ್: ಲ್ಯಾಪ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಾ?

ಸಕಲೇಶಪುರ: ಹೋಂಸ್ಟೇ ರೀಲ್ಸ್, ಊರ ಸುಗ್ಗಿ, ಮನೆ ಮದುವೆ ವಿಡಿಯೋ ಎಡಿಟ್ ಮಾಡಲು ಲ್ಯಾಪ್‌ಟಾಪ್ ಕೊಳ್ಳುವವರು ಮೊದಲು ಕೇಳುವುದು ಗ್ರಾಫಿಕ್ಸ್ ಕಾರ್ಡ್. ತಿಂಗಳಿಗೆ ಒಂದೆರಡು ವಿಡಿಯೋ ಮಾಡುವವರು ಮೊದಲು ನೋಡಬೇಕಾದ್ದು ರ‍್ಯಾಮ್.

ಫುಲ್ ಎಚ್‌ಡಿ ಆದರೆ: ಪ್ರೊಸೆಸರ್ ಒಳಗೇ ಇರುವ ಇಂಟೆಲ್ ಐರಿಸ್ ಎಕ್ಸ್‌ಇ ಅಥವಾ ಎಎಂಡಿ ರೇಡಿಯಾನ್ ಗ್ರಾಫಿಕ್ಸ್ ಸಾಕು. ಇವಕ್ಕೆ ಸ್ವಂತ ಮೆಮೊರಿ ಇರಲ್ಲ, ರ‍್ಯಾಮ್‌ನಲ್ಲೇ ಪಾಲು ತಗೊಳ್ಳುತ್ತವೆ. ಹಾಗಾಗಿ 8 ಜಿಬಿ ಸಾಲದು, 16 ಜಿಬಿ ಇರಲಿ. 8ರ ಎರಡು ರ‍್ಯಾಮ್ ಹಾಕಿಸಿದರೆ ಇನ್ನೂ ವೇಗ. ಜತೆಗೆ 512 ಜಿಬಿ ಎಸ್‌ಎಸ್‌ಡಿ ಬೇಕು.

4ಕೆ ಆದರೆ: ಬಣ್ಣ ತಿದ್ದುವುದು, ಎಫೆಕ್ಟ್ ಜಾಸ್ತಿ ಇದ್ದರೆ ಪ್ರತ್ಯೇಕ ಕಾರ್ಡ್ ಒಳ್ಳೆಯದು. ಆರ್‌ಟಿಎಕ್ಸ್ 3050 ಲ್ಯಾಪ್‌ಟಾಪ್ ಕಾರ್ಡ್ 4 ಜಿಬಿ, 6 ಜಿಬಿ ಎರಡರಲ್ಲೂ ಬಂದಿದೆ. 6 ಜಿಬಿಯದ್ದೇ ಕೇಳಿ. ಅಪರೂಪಕ್ಕೊಮ್ಮೆ 4ಕೆ ಅಂದರೆ ಕಾರ್ಡ್ ಇಲ್ಲದೆಯೂ ನಡೆಯುತ್ತೆ. ಸಾಫ್ಟ್‌ವೇರ್‌ನಲ್ಲಿ 'ಪ್ರಾಕ್ಸಿ' ಆಯ್ಕೆ ಮಾಡಿದರೆ ಎಡಿಟಿಂಗ್ ಚಿಕ್ಕ ಫೈಲ್‌ನಲ್ಲಿ ಆಗಿ, ಕೊನೆಗೆ ಅಸಲಿ 4ಕೆ ವಿಡಿಯೋನೇ ಹೊರಬರುತ್ತೆ.

ಕರೆಂಟ್ ಲೆಕ್ಕ: ಸಾಮಾನ್ಯ ಲ್ಯಾಪ್‌ಟಾಪ್ ಚಾರ್ಜರ್ 45ರಿಂದ 65 ವ್ಯಾಟ್. ಗೇಮಿಂಗ್ ಲ್ಯಾಪ್‌ಟಾಪ್‌ದು ಹೆಚ್ಚಾಗಿ 150 ವ್ಯಾಟ್‌ಗೂ ಮೇಲೆ. ಬರೀ ಬ್ಯಾಟರಿಯಲ್ಲಿ ಅದರ ಕಾರ್ಡ್ ಪೂರ್ತಿ ವೇಗ ಕೊಡಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವ ಊರಿನವರು, ಮನೆಯ ಇನ್ವರ್ಟರ್ ನಂಬಿದವರು ಇದನ್ನ ಗಮನಿಸಬೇಕು.

ಕೊಳ್ಳುವ ಮೊದಲು: ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಆಮೇಲೆ ಬದಲಾಯಿಸೋಕೆ ಆಗಲ್ಲ. ರ‍್ಯಾಮ್ ಹೆಚ್ಚಿಸಲು ಖಾಲಿ ಸ್ಲಾಟ್ ಇದೆಯಾ ಕೇಳಿ. ನಿಮ್ಮ ಮೊಬೈಲ್ ವಿಡಿಯೋವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ಓಡಿಸಿ ನೋಡಿ.